ಶಾಂತಿ ಸಭೆಗೆ ಅವ್ವನನ್ನು ಯಾರೂ ಕರೆಯಲಿಲ್ಲ

ನಿನ್ನೆ ಸಂಜೆ 7ಕ್ಕೆ ಕಲಬುರಗಿಯ ಒಂದು ಠಾಣೆಯಲ್ಲಿ ಶಾಂತಿ ಸಭೆ ಇತ್ತು. ಹಬ್ಬ ಹತ್ತಿರ ಬಂದಾಗ ಇರುವಂಥದ್ದೇ. ಹೋಗಿದ್ದೆ. 40 ಕುರ್ಚಿ, 40 ಗಂಡಸರು. ಒಬ್ಬ ಹೆಂಗಸೂ ಇಲ್ಲ. ಒಬ್ಬರೆಂದರೆ ಒಬ್ಬರೂ! ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೀತಿದ್ದೇನೆ.

ಹೋದ ತಿಂಗಳು ನಮ್ಮ ಓಣಿಯಲ್ಲಿ ಏನಾಯ್ತು ಅಂತ ಹೇಳ್ತೀನಿ. ಯಾರದೋ ಬೈಕು ಬ್ಯಾನರಿನ ಹಗ್ಗಕ್ಕೆ ತಾಗಿತು, ಅಷ್ಟೇ. ಹತ್ತೇ ನಿಮಿಷ, ಆ ಕಡೆ ಹುಡುಗರು, ಈ ಕಡೆ ಹುಡುಗರು, ಕೈಯಲ್ಲಿ ಕಲ್ಲು. ಆಗ ರೊಟ್ಟಿ ಮಾಡಿ ಮಾರುವ ಅವ್ವ ಹೊರಗೆ ಬಂದರು. ಕೈತುಂಬ ಜೋಳದ ಹಿಟ್ಟು ಹಾಗೇ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆ ನಡುವೆ ಕೂತೇಬಿಟ್ಟರು.

"ಹೊಡೀರಿ, ಮೊದಲ ನನಗ ಹೊಡೀರಿ. ನಿಮಗೆಲ್ಲಾ ಎತ್ತಿ ಆಡಿಸೀನಿ ನಾ."

ಎದುರು ಮನೆ ಖಾಲಾ ಬಂದು ಪಕ್ಕಕ್ಕೆ ಕೂತರು. ಆಮೇಲೆ ಒಬ್ಬೊಬ್ಬರಾಗಿ ಒಟ್ಟು 11 ಜನ. ಮುಂದೆ ನಿಂತಿದ್ದ ಹುಡುಗ ಕಲ್ಲನ್ನು ಬೆನ್ನ ಹಿಂದೆ ಮೆಲ್ಲಗೆ ಜಾರಿಬಿಟ್ಟ. ನಾನು ಅದನ್ನು ಕಿಟಕಿಯಿಂದ ನೋಡಿದೆ. ಹೌದು, ಬಾಗಿಲಿಗೆ ಚಿಲಕ ಹಾಕಿಕೊಂಡು ನೋಡಿದೆ. ಸಭೆಗೆ ಬನ್ನಿ ಅಂತ ಫೋನ್ ಬಂದಿದ್ದು ಮಾತ್ರ ನನಗೆ. ಇದು ಇನ್ನೂ ಚುಚ್ಚುತ್ತಿದೆ.

ಕೆಲವರು ಹೇಳ್ತಾರೆ, ಕರೆದರೂ ಹೆಂಗಸರು ಬರಲ್ಲ ಅಂತ. ಯಾವಾಗ ಕರೆದಿರಿ? ಸಂಜೆ 7 ಅಂದರೆ ಒಲೆ ಮುಂದೆ ಇರುವ ಹೊತ್ತು. 2019ರ ಜನವರಿಯಲ್ಲಿ ಸಾರಾಯಿ, ಮದ್ಯ ಬೇಡ ಅಂತ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಸುಮಾರು 200 ಕಿ.ಮೀ. ಮನೆಯಲ್ಲಿ ದಿನಾ ಏಟು ತಿಂದವರು ಒಂದು ಕಲ್ಲು ಎತ್ತಲಿಲ್ಲ. ಅಷ್ಟು ದೂರ ನಡೆದವರು ನಮ್ಮ ಠಾಣೆಗೆ ಬರಲ್ವಾ?

ಅವ್ವ ಕೂತಿದ್ದು ನೋಡಿದಾಗ ನನಗೆ ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶ ನೆನಪಾಗಿತ್ತು. 2003ರಲ್ಲಿ ಅಲ್ಲಿ ಅಂತರ್ಯುದ್ಧ. ಲೇಮಾ ಗ್ಬೋವಿ ಅನ್ನೋ ಹೆಣ್ಣುಮಗಳು ಮತ್ತು ಜೊತೆಯ ಹೆಂಗಸರು, ಕ್ರಿಶ್ಚಿಯನ್ನರು ಮುಸ್ಲಿಮರು ಒಟ್ಟಿಗೆ, ಬಿಳಿ ಬಟ್ಟೆ ತೊಟ್ಟು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರ ಬಿಸಿಲು ಮಳೆ ಅನ್ನದೆ ಕೂತರು. ಘಾನಾದ ಅಕ್ರಾದಲ್ಲಿ ಗಂಡಸರು ಮಾತುಕತೆಯನ್ನು ಎಳೀತಾ ಹೋದಾಗ ಸಭೆಯ ಬಾಗಿಲಿಗೇ ಅಡ್ಡ ಕೂತು, ಒಪ್ಪಂದ ಆಗೋವರೆಗೆ ಹೊರಗೆ ಬಿಡಲ್ಲ ಅಂದರು. ಆ ಆಗಸ್ಟಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 2011ರಲ್ಲಿ ಲೇಮಾಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರನ್ನೂ ಮೊದಲು ಯಾರೂ ಒಳಗೆ ಕರೆದಿರಲಿಲ್ಲ.

ನಿನ್ನೆ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಬೆಳಿಗ್ಗೆ ರೊಟ್ಟಿ ತರಲು ಹೋದಾಗ ಅವ್ವನಿಗೆ ಎಲ್ಲ ಹೇಳಿ, ಮುಂದಿನ ಸಲ ನಿಮ್ಮನ್ನೂ ಖಾಲಾನನ್ನೂ ಕರೆಯಲೇಬೇಕು ಅಂತ ಕೇಳ್ತೀನಿ ಅಂದೆ. ಅವರು ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ತವಾ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಆಮೇಲೆ ಕೇಳಿದರು:

"ಎಷ್ಟೊತ್ತಿಗಿ ಇರ್ತದಪ್ಪಾ?"