ಎರಡು ರಂಗ, ಒಂದು ಬಾಡಿಗೆ ಮನೆ

ನಮ್ಮೆಜಮಾನ್ರು ರಿಟೈರ್ ಆದ ಮೇಲೆ ಎರಡು ಮಾತು ಹೇಳಿದರು. ಒಂದು, ಬೆಂಗಳೂರು ಸಾಕು. ಇನ್ನೊಂದು, ಸುತ್ತ ಕಾವೇರಿ ಹರಿಯುವ ಊರಲ್ಲಿ ಇರಬೇಕು. ಎರಡಕ್ಕೂ ನನ್ನ ತಕರಾರು ಇರಲಿಲ್ಲ. ನಮ್ಮ ಬೀದಿಯಲ್ಲಿ ಕಾವೇರಿ ದಿನ ಬಿಟ್ಟು ದಿನ ಹರಿಯುತ್ತಿದ್ದಳು, ಅದೂ ಬೆಳಗಿನ ಜಾವ ಮೂರಕ್ಕೆ.

ಸುತ್ತ ಕಾವೇರಿ ಅಂದರೆ ಶ್ರೀರಂಗಪಟ್ಟಣ, ಅಲ್ವಾ? ನಾನು ಹಾಗೇ ಅಂದುಕೊಂಡೆ. ಇವರು ತಮಿಳುನಾಡಿನ ಶ್ರೀರಂಗವನ್ನೂ ಪಟ್ಟಿಗೆ ಸೇರಿಸಿದರು. ಹೊಳೆ ಎರಡಾಗಿ ಕವಲೊಡೆಯುತ್ತದೆ, ನಡುವೆ ಊರು, ಊರ ನಡುವೆ ಮಲಗಿದ ರಂಗನಾಥ. ಎರಡೂ ಕಡೆ ಅದೇ. ಇವೆರಡರ ಮಧ್ಯೆ ಮಧ್ಯರಂಗ ಅಂತ ಶಿವನಸಮುದ್ರವೂ ಇದೆ. ಅಲ್ಲಿ ಜಲಪಾತದ ಸದ್ದು ಬಿಟ್ಟರೆ ಬಾಡಿಗೆಗೆ ಬೇರೇನೂ ಸಿಗಲಾರದು ಅಂತ ಕೈಬಿಟ್ಟೆವು. ಮೂರೂ ರಂಗನ ದರ್ಶನ ಒಂದೇ ದಿನದಲ್ಲಿ ಮುಗಿಸಿದರೆ ಬಹಳ ಪುಣ್ಯ ಅಂತಾರೆ. ಬ್ರೋಕರ್‌ಗಳ ದರ್ಶನಕ್ಕೆ ಅಂಥ ಫಲವನ್ನು ಯಾವ ಪುರಾಣವೂ ಹೇಳಿಲ್ಲ.

ಶ್ರೀರಂಗಪಟ್ಟಣದಲ್ಲಿ ಮೊದಲು ನೋಡಿದ್ದು ಕೋಟೆಯೊಳಗಿನ ಮನೆ. ಜಗಲಿ, ಹಿತ್ತಲಲ್ಲಿ ಬಾವಿ, ಬಾಡಿಗೆಯೂ ಕಮ್ಮಿ. ನನ್ನ ಮಂಡಿ ಸರಿಯಿಲ್ಲ, ಒಂದು ವೆಸ್ಟರ್ನ್ ಕಮೋಡ್ ಹಾಕಿಸಿಕೊಡ್ತೀರಾ ಅಂದೆ. ಮಾಲೀಕರು ಕೈ ಮುಗಿದೇಬಿಟ್ಟರು. "ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಏನೂ ಕಟ್ಟಂಗಿಲ್ಲ ಅಮ್ಮಾ. ಅಲ್ಲಿಂದಾಚೆ ಇನ್ನೂ 200 ಮೀಟರ್ ಪರ್ಮಿಶನ್ ಬೇಕು. ನಾನು ಒಂದು ಇಟ್ಟಿಗೆ ಇಟ್ಟರೂ ನೋಟಿಸ್ ಬರ್ತದೆ." ಈ ಊರಲ್ಲಿ ಎಲ್ಲಿ ನಿಂತು ಕಲ್ಲು ಎಸೆದರೂ ಅದು ಸ್ಮಾರಕಕ್ಕೇ ಬೀಳುತ್ತದೆ. ಕೋಟೆ ಗೋಡೆ, ಸೆರೆಮನೆ, ಟಿಪ್ಪು ದೇಹ ಸಿಕ್ಕ ಜಾಗ, ಅತ್ತ ದರಿಯಾ ದೌಲತ್, ಇತ್ತ ಗುಂಬಜ್. ಹಾಗಂತ ಇಲ್ಲಿ ಏನೂ ಅಲ್ಲಾಡಲ್ಲ ಅನ್ನೋದು ಸುಳ್ಳು. ಜೋಡಿ ರೈಲು ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಟಿಪ್ಪುವಿನ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಇಟ್ಟರು. ಸುಮಾರು ಸಾವಿರ ಟನ್ ತೂಕ. ಮದ್ದಿನ ಮನೆಗೆ ಸಿಕ್ಕ ಅನುಮತಿ ನನ್ನ ಕಮೋಡಿಗೆ ಸಿಗಲಿಲ್ಲ.

ಎರಡನೆಯದು ಪಶ್ಚಿಮವಾಹಿನಿ ಕಡೆ, "ರಿವರ್ ವ್ಯೂ" ಮನೆ. ವ್ಯೂ ಇತ್ತು, ಇಲ್ಲ ಅನ್ನಲ್ಲ. ಕಿಟಕಿ ತೆಗೆದರೆ ಹೊಳೆ, ಮೆಟ್ಟಿಲು, ಮೆಟ್ಟಿಲ ಮೇಲೆ ತಲೆ ಬೋಳಿಸಿಕೊಂಡು ಕೂತ ಜನ, ಮಡಕೆ, ಪಿಂಡ. ನನ್ನ ಮುಖ ನೋಡಿ ಬ್ರೋಕರ್ ಧೈರ್ಯ ಹೇಳಿದ. "ಗಾಂಧೀಜಿ ಅಸ್ಥೀನೇ ಇಲ್ಲಿ ಬಿಟ್ಟವ್ರೆ ಅಮ್ಮಾ, 1948ರಲ್ಲಿ. ಅಂಥ ಜಾಗ ಇದು." ಮನೆ ಬಾಡಿಗೆಗೆ ಇದಕ್ಕಿಂತ ದೊಡ್ಡ ಶಿಫಾರಸು ನಾನು ಕೇಳಿಲ್ಲ.

ಆದರೆ ನನ್ನನ್ನು ಹೆದರಿಸಿದ್ದು ಕಾಗೆಗಳು. ಕೆಳಗಿನ ಮನೆಯಾಕೆ ತಾರಸಿ ಮೇಲೆ ಸಂಡಿಗೆ ಒಣಗಿಸಿದ್ದರು. ಅದಕ್ಕೆ ಹಳೇ ಟೇಬಲ್ ಫ್ಯಾನಿನ ಜಾಲರಿ ಮುಚ್ಚಿ, ಜಾಲರಿ ಮೇಲೆ ರುಬ್ಬುವ ಗುಂಡು ಹೇರಿದ್ದರು. ಒಂದು ಕಾಗೆ ಪಕ್ಕದಲ್ಲಿ ನಿಂತು, ಕುತ್ತಿಗೆ ಓರೆ ಮಾಡಿ, ಕಂಬಿ ಸಂದಿಯಿಂದ ಒಂದೊಂದೇ ಸಂಡಿಗೆ ಎಳೆಯುತ್ತಿತ್ತು. ಅರ್ಜೆಂಟೇ ಇಲ್ಲ. ನಾನು ಹುಶ್ ಅಂದೆ. ಅದು ನನ್ನನ್ನೇ ನೋಡಿತು. ಊರೂರಿಂದ ಬಂದವರು ಒದ್ದೆ ಬಟ್ಟೆಯಲ್ಲಿ ನಿಂತು "ತಿನ್ನು ಮಹಾರಾಯಾ" ಅಂತ ಬೇಡಿಕೊಳ್ಳುವ ಕಾಗೆ ಅದು. ಹುಶ್ ಅನ್ನಿಸಿಕೊಂಡು ಅಭ್ಯಾಸ ಇರಲಿಲ್ಲ.

ಅವತ್ತು ರಾತ್ರಿಯೇ ಇವರ ದಾಯಾದಿಯೊಬ್ಬರ ಫೋನು. "ಪಶ್ಚಿಮವಾಹಿನಿ ಪಕ್ಕ ಮನೆ ಮಾಡ್ತಿದ್ದೀರಂತೆ, ಒಳ್ಳೇದಾಯ್ತು ಬಿಡಿ. ನಮ್ಮ ದೊಡ್ಡಪ್ಪನಿಗೂ ಯಾಕೋ ಹುಷಾರಿಲ್ಲ." ದೊಡ್ಡಪ್ಪ ಇನ್ನೂ ಇದ್ದರು. ನಮ್ಮ ಮನೆಯಲ್ಲಿ ಅವರಿಗೆ ಆಗಲೇ ಜಾಗ ಕಾದಿರಿಸಿಯಾಗಿತ್ತು.

ಅದಾದ ಮೇಲೆ ನಾನೇ ಶ್ರೀರಂಗಕ್ಕೆ ಟಿಕೆಟ್ ಮಾಡಿಸಿ ಅಂದೆ. ಮೇ ತಿಂಗಳು. ರಾತ್ರಿ ರೈಲು ತಿರುಚ್ಚಿಯಲ್ಲಿ ಇಳಿಸಿದಾಗ ಇನ್ನೂ ಬೆಳಕಾಗಿರಲಿಲ್ಲ, ಬೆವರು ಮಾತ್ರ ಶುರುವಾಗಿತ್ತು.

ಶ್ರೀರಂಗದ ದೇವಸ್ಥಾನಕ್ಕೆ ಏಳು ಸುತ್ತು. ಹೊರಗಿನ ಸುತ್ತುಗಳಲ್ಲಿ ಊರೇ ಇದೆ. ಮನೆ, ಅಂಗಡಿ, ಹೋಟೆಲು, ಟೈಲರು ಎಲ್ಲ. ರಾಜಗೋಪುರದ ಕೆಳಗೆ ಗಾಡಿಗಳು ಹಾದುಹೋಗುತ್ತಿರುತ್ತವೆ. ಆ ಗೋಪುರ ಮುಗಿದದ್ದು 1987ರಲ್ಲಿ, ನಮ್ಮ ಮದುವೆಗಿಂತ ಚಿಕ್ಕದು. ಇವರಂತೂ ಕರಗಿಹೋದರು. ಇಲ್ಲಿ ಹಾಲು ತರೋಕೆ ಹೋದರೂ ಪ್ರದಕ್ಷಿಣೆ ಕಣೇ, ಅಂತ. ಹಾಗಾದರೆ ದಿನಾ ನೀವೇ ತನ್ನಿ ಅಂದೆ.

ಮನೆ ಚಿತ್ರಬೀದಿಯಲ್ಲಿ, ತೇರು ಹೋಗುವ ಬೀದಿ. ಅಗಲ ಏನೂ ಇಲ್ಲ, ಉದ್ದ ಮಾತ್ರ ಮುಗಿಯುವುದೇ ಇಲ್ಲ. ಅಡುಗೆಮನೆಯಿಂದ ಹೊರಟು ಬಾಗಿಲು ತೆಗೆಯುವಷ್ಟರಲ್ಲಿ ಬೆಲ್ ಮಾಡಿದವರು ಬೇಜಾರಾಗಿ ಹೊರಟುಹೋಗಿರುತ್ತಾರೆ. ಮಾಲೀಕಳು ಒಬ್ಬ ಮಾಮಿ. ಹುಟ್ಟಿದ್ದು ಮೈಸೂರಂತೆ. ನನ್ನ ಶಿವಾಜಿನಗರದ ತಮಿಳನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು, ಆಮೇಲೆ "ಕನ್ನಡದಲ್ಲೇ ಹೇಳಮ್ಮ" ಅಂದರು. ಸಂದರ್ಶನ ಜಗಲಿ ಮೇಲೇ ನಡೆಯಿತು. ಎಷ್ಟು ಜನ? ಈರುಳ್ಳಿ ಉಂಟಾ? ರಾತ್ರಿ ಟಿವಿ ಜೋರಾಗಿ ಇಡ್ತೀರಾ? ಇವರು ಬ್ಯಾಂಕಿಗೆ ಸೇರುವಾಗಲೂ ಇಷ್ಟು ಪ್ರಶ್ನೆ ಇದ್ದಿರಲಾರದು.

ಮನೆ ಮಾರ್ತೀರಾ ಅಂತ ಇವರು ಸುಮ್ನೆ ಕೇಳಿದರು. "ಗೋಡೆ ನಂದು, ನೆಲ ಪೆರುಮಾಳ್‌ದು. ಏನಂತ ಮಾರಲಿ?" ಅಂದರು ಮಾಮಿ. ಬಾಡಿಗೆಯಾದರೆ ಎಷ್ಟು ವರ್ಷ ಅಂದಿದ್ದಕ್ಕೆ ವಿಭೀಷಣನ ಕಥೆಯನ್ನೇ ಹೇಳಿದರು. ಅವನು ರಂಗನಾಥನನ್ನು ಲಂಕೆಗೆ ಹೊತ್ತೊಯ್ಯುವಾಗ ಇಲ್ಲಿ ಸ್ವಲ್ಪ ಇಳಿಸಿದ. ಆಮೇಲೆ ಎತ್ತಿದರೆ ಏಳಲೇ ಇಲ್ಲ. "ಇಲ್ಲಿಗೆ ಬಂದವರು ಏಳಲ್ಲಮ್ಮ. ರಾಮಾನುಜರು ನಿಮ್ಮ ಮೇಲುಕೋಟೆಗೆ ಹೋದರು, ವರ್ಷಗಟ್ಟಲೆ ಇದ್ದರು. ಕೊನೆಗೆ ಬಂದದ್ದೆಲ್ಲಿಗೆ?" ಬಾಡಿಗೆದಾರ ಖಾಲಿ ಮಾಡದ ಕೇಸು ಇಷ್ಟು ಹಳೆಯದು ಅಂತ ನನಗೆ ಗೊತ್ತಿರಲಿಲ್ಲ. ಆದರೆ ನಮ್ಮ ಕರಾರು ಹನ್ನೊಂದೇ ತಿಂಗಳಿಗಂತೆ.

ಆಮೇಲೆ ಉಗ್ರಾಣ ತೋರಿಸಿದರು. ಸೂರಿನವರೆಗೆ ಸುತ್ತಿಟ್ಟ ಚಾಪೆ, ದಿಂಬು, ಒಂದು ಗೋಣಿ ತುಂಬ ಸ್ಟೀಲ್ ಲೋಟ. ಇದೂ ಬಾಡಿಗೆಗೇ ಸೇರಿದೆ ಅಂದರು. ಇಬ್ಬರಿಗೆ ಇದೆಲ್ಲ ಯಾಕೆ? "ವೈಕುಂಠ ಏಕಾದಶಿಗೆ ಬೇಕಾಗತ್ತೆ, ನೋಡ್ತಿರು." ಅಲ್ಲಿ ಅದು ಒಂದು ದಿನದ ಹಬ್ಬವಲ್ಲ. ಹಗಲು ಹತ್ತು, ರಾತ್ರಿ ಹತ್ತು ಅಂತ ಎರಡು ಹತ್ತು ನಡೆಯುತ್ತದೆ. ನಡುವೆ ಸ್ವರ್ಗದ ಬಾಗಿಲು ತೆರೆಯುತ್ತಾರೆ. ಅಂದರೆ ಶ್ರೀರಂಗಪಟ್ಟಣದಲ್ಲಿ ನೆಂಟರು ತೀರಿಕೊಂಡ ಮೇಲೆ ಬರುತ್ತಾರೆ, ಶ್ರೀರಂಗದಲ್ಲಿ ಅದಕ್ಕೆ ಮುಂಚೆಯೇ ಬರುತ್ತಾರೆ. ತೀರಿಕೊಂಡವರಿಗೆ ಚಾಪೆ ಹಾಸಬೇಕಿಲ್ಲ, ಬೆಳಿಗ್ಗೆ ಕಾಫಿ ಕೇಳುವುದಿಲ್ಲ. ನಾನು ಲೆಕ್ಕ ಹಾಕುತ್ತಿರುವಾಗಲೇ ಇವರು ಮಾಮಿ ಕೈಗೆ ಅಡ್ವಾನ್ಸ್ ಇಟ್ಟುಬಿಟ್ಟಿದ್ದರು.

ಮದ್ದೂರಿನಲ್ಲಿ ಗದ್ದೆ ಮಾಡುವ ನನ್ನ ತಮ್ಮನಿಗೆ ಫೋನು ಮಾಡಿದೆ. ಕಾವೇರಿ ಗಲಾಟೆ ಬಂದಾಗಲೆಲ್ಲ ಹೆದ್ದಾರಿಯಲ್ಲಿ ಕೂರುವವನು ಅವನು. "ಅಲ್ಲಿಗೆ ಹೋದರೆ ಭಾವ ಬೆಳಿಗ್ಗೆ ಎದ್ದು ಯಾವ ಡ್ಯಾಂ ನೋಡ್ತಾರೆ? 124.80 ಅಡಿದೋ, 120 ಅಡಿದೋ?" ನಮ್ಮ ಕಡೆ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡಿಯೇ ಕಾಫಿ ಕುಡಿಯೋದು. ಅಲ್ಲಿ ಮೆಟ್ಟೂರು. ಇದು ತುಂಬಿದರೆ ಅದಕ್ಕೆ ನೀರು. ಇದು ತುಂಬದಿದ್ದರೆ ಕೋರ್ಟು. ಇವರು ಎರಡೂ ನೋಡ್ತೀನಿ ಅಂದರು. ತಮ್ಮ ಫೋನ್ ಇಟ್ಟ.

ಕೊನೆಗೆ ತೀರ್ಮಾನ ಮಾಡಿದ್ದು ಇವರ ಅಂಗಾಲು. ಮಧ್ಯಾಹ್ನ ಇನ್ನೊಂದು ಸಲ ದೇವರಿಗೆ ಹೇಳಿ ಬರ್ತೀನಿ ಅಂತ ಚಪ್ಪಲಿ ಬಿಟ್ಟು ಹೊರಟರು. ಪ್ರಾಕಾರದ ಚಪ್ಪಡಿ ಕಲ್ಲು, ಮೇ ತಿಂಗಳ ಬಿಸಿಲು. ಬಿಳಿ ಬಣ್ಣ ಬಳಿದ ಪಟ್ಟಿಯ ಮೇಲೇ ನಡೀಬೇಕು ಅಂತ ಗೊತ್ತಿದ್ದವರೆಲ್ಲ ಸಾಲಾಗಿ ಹೋಗುತ್ತಿದ್ದರು. ಇವರು ಮಂಡಪದ ನೆರಳಿಗೆ ಅಡ್ಡದಾರಿ ಹಿಡಿದರು. ಅರ್ಧದಲ್ಲಿ ನಿಲ್ಲುವಂತಿಲ್ಲ, ಹಿಂದೆ ಬರುವಂತಿಲ್ಲ. ಅರವತ್ತು ದಾಟಿದ ಮನುಷ್ಯ ಪಂಚೆ ಮೇಲೆತ್ತಿ ಕುಂಟೆಬಿಲ್ಲೆ ಆಡಿದ್ದನ್ನು ಒಂದು ಶಾಲೆ ಪ್ರವಾಸದ ಮಕ್ಕಳು ಪೂರ್ತಿ ನೋಡಿ ಚಪ್ಪಾಳೆ ತಟ್ಟಿದರು. ಬರ್ನಾಲ್ ಹಚ್ಚಿಕೊಂಡು ರೈಲು ಹತ್ತುವಾಗ "ಶ್ರೀರಂಗಪಟ್ಟಣದ ಕಲ್ಲು ತಂಪು" ಅಂದರು.

ಈಗ ಗಂಜಾಂನಲ್ಲಿದ್ದೇವೆ. ಸ್ಮಾರಕದ ಲೆಕ್ಕದಿಂದ ಆಚೆ, ಕಮೋಡ್ ಸಮೇತ. ಹಿಂದೆ ಈ ಕಡೆ ಅಂಜೂರಕ್ಕೆ ಹೆಸರುವಾಸಿಯಾಗಿತ್ತಂತೆ. ಈಗ ಭಾನುವಾರ, ಹುಣ್ಣಿಮೆ ಬಂದರೆ ನಿಮಿಷಾಂಬನ ಭಕ್ತರ ಕಾರುಗಳು ನಮ್ಮ ಗೇಟಿನ ಮುಂದೆ ನಿಲ್ಲುತ್ತವೆ. ತೆಗೀರಿ ಅಂದರೆ ಒಂದೇ ನಿಮಿಷ ಅಂತಾರೆ. ದಾಯಾದಿಯ ದೊಡ್ಡಪ್ಪ ಚೇತರಿಸಿಕೊಂಡು, ಸ್ವತಃ ಬಂದು ಊಟ ಮಾಡಿ ಹೋದರು.

ಮಳೆಗಾಲದಲ್ಲಿ ಕೆಆರ್‌ಎಸ್ ಗೇಟು ತೆಗೆದರು. ವೆಲ್ಲೆಸ್ಲಿ ಸೇತುವೆ ಕಡೆ ಪೊಲೀಸರು ಜನರನ್ನು ಬಿಡುತ್ತಿಲ್ಲ ಅಂತ ಸುದ್ದಿ ಬಂದ ಹೊತ್ತಿಗೇ ಮಾಮಿ ಫೋನು.

"ಎಷ್ಟು ಬಿಟ್ಟಿದಾರಮ್ಮ?"

"ಒಂದು ಲಕ್ಷ ಕ್ಯೂಸೆಕ್ ಅಂತ ಹೇಳ್ತಿದ್ದಾರೆ."

"ಕಬಿನಿ?"

ಅದನ್ನೂ ಇವರ ಹತ್ತಿರ ಕೇಳಿ ಹೇಳಿದೆ. ಮೆಟ್ಟೂರು ಆಗಲೇ ತುಂಬಿದೆ, ಬಂದದ್ದೆಲ್ಲ ಮುಂದಕ್ಕೇ ಬರತ್ತೆ, ಹೊಳೆ ಕವಲೊಡೆಯುವ ಮುಕ್ಕೊಂಬಿನಲ್ಲಿ ಇನ್ನೊಂದು ಕವಲು ಕೊಳ್ಳಿಡಕ್ಕೆ ತಿರುಗಿಸ್ತಾರೆ ಅಂತ ಮಾಮಿ ತಮ್ಮ ಲೆಕ್ಕ ತಾವೇ ಮಾಡಿಕೊಂಡರು. ಕೊಳ್ಳಿಡದ ದಂಡೆಯಲ್ಲಿ ಅವರಿಗೆ ತೋಟವಿದೆ. ಮೋಟಾರ್ ಎತ್ತಿಸಬೇಕು. ಅಂದಿನಿಂದ ಹೊಳೆ ಏರಿದಾಗಲೆಲ್ಲ ಫೋನು ಮಾಡುತ್ತಾರೆ. ಗೇಟು, ಕ್ಯೂಸೆಕ್, ನನ್ನ ಮಂಡಿ, ಇವರ ಅಂಗಾಲು, ಎಲ್ಲ ವಿಚಾರಿಸುತ್ತಾರೆ. ನಾನು ಅಡ್ವಾನ್ಸ್ ಅಂತ ಬಾಯಿ ತೆಗೆದರೆ ಸಾಕು, ಶ್ರೀರಂಗದಲ್ಲಿ ಸಿಗ್ನಲ್ ಹೋಗಿಬಿಡುತ್ತದೆ.