ಸ್ಕಿಜೋಫ್ರೇನಿಯಾ: ಹೊಸ ಔಷಧ ಹುಡುಕಲು ದುಡ್ಡು ಹಾಕಬೇಕೇ?

ಪರ

ನನ್ನ ತಮ್ಮ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದ. 22ನೇ ವಯಸ್ಸಿಗೆ, ಕಿವಿಯಲ್ಲಿ ಯಾರೋ ಬೈಯುತ್ತಿದ್ದಾರೆ ಎನ್ನತೊಡಗಿದ. ಇದು ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ ಎಂದರು ಡಾಕ್ಟರು. ಗುಳಿಗೆ ಶುರುವಾಯಿತು. ಬೈಗುಳ ನಿಂತಿತು, ನಿಜ. ಆದರೆ ಕೈ ಬಿಗಿಯಿತು, ಬೆರಳು ನಡುಗಿತು, ಎರಡು ವರ್ಷದಲ್ಲಿ ತೂಕ 18 ಕೆಜಿ ಏರಿತು. ಮದ್ದಳೆ ಅಟ್ಟ ಸೇರಿತು. ಆಮೇಲೆ ಗುಳಿಗೆಯನ್ನು ಕದ್ದು ತುಳಸಿ ಬುಡಕ್ಕೆ ಹಾಕತೊಡಗಿದ. ಅಮ್ಮ ಬೈದರು. ನನಗೆ ಬೈಯಲು ಬಾಯಿ ಬರಲಿಲ್ಲ.

ಪ್ಯಾರಿಸ್‌ನಲ್ಲಿ 1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಂದೀಚೆ ಬಂದ ಹೆಚ್ಚುಕಮ್ಮಿ ಎಲ್ಲ ಗುಳಿಗೆಗಳೂ ಮಿದುಳಿನ ಕೋಶಗಳ ನಡುವೆ ಸುದ್ದಿ ಮುಟ್ಟಿಸುವ ಡೋಪಮೀನ್ ಎಂಬ ರಾಸಾಯನಿಕದ ಮೇಲೇ ಕೆಲಸ ಮಾಡುತ್ತವೆ. ಮಂಕು, ಮೌನ, ಯಾವುದೂ ಬೇಡ ಅನ್ನಿಸುವುದು, ಇವಕ್ಕೆ ಅವು ಅಷ್ಟಾಗಿ ನಾಟುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಕೊಬೆನ್ಫಿ ಎಂಬ ಹೊಸ ಔಷಧದ್ದು ಬೇರೆ ದಾರಿ. ಅದರಲ್ಲಿರುವ ಜನೊಮೆಲಿನ್ 1990ರ ದಶಕದಲ್ಲೇ ಅಲ್ಜೈಮರ್ ರೋಗಿಗಳ ಮೇಲೆ ಪರೀಕ್ಷೆಯಾಗಿತ್ತು. ವಾಂತಿ, ಹೊಟ್ಟೆ ತೊಳಸು ಜಾಸ್ತಿ ಅಂತ ಮೂಲೆ ಸೇರಿತು. ಆಮೇಲೆ ಯಾರೋ ಅದಕ್ಕೆ ಟ್ರೋಸ್ಪಿಯಂ ಎಂಬ ಇನ್ನೊಂದು ಔಷಧವನ್ನು ಜೊತೆ ಮಾಡಿದರು. ಅದು ಮಿದುಳಿಗೆ ಹೆಚ್ಚು ಹೋಗದೆ ಹೊಟ್ಟೆಯ ಕಾಟವನ್ನಷ್ಟೇ ತಗ್ಗಿಸುತ್ತದೆ. ಹುಡುಕುವವರು ಬಿಡಲಿಲ್ಲ, ಅದಕ್ಕೇ ಸಿಕ್ಕಿತು ಅಲ್ವಾ?

ಇರೋದೇ ಸಾಕು ಅನ್ನುವವರು ಆ ಗುಳಿಗೆಯನ್ನು ಒಂದು ತಿಂಗಳು ನುಂಗಿ ಬರಲಿ. ಹೋದ ದಸರೆಗೆ ತಮ್ಮ ಮದ್ದಳೆ ಇಳಿಸಿದ. ನಾಲ್ಕು ಪೆಟ್ಟು ಹಾಕಿದ. ಮತ್ತೆ ಅಟ್ಟಕ್ಕೇ ಇಟ್ಟ.

ವಿರೋಧ

ವಿರೋಧವಾಗಿ ಬರೆಯಿರಿ ಎಂದರು. ಸಂಶೋಧನೆಯೇ ಬೇಡ ಎಂದು ನಾನು ಹೇಳಲಾರೆ. ದುಡ್ಡು ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದಷ್ಟೇ ನನ್ನ ಮಾತು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ನೋಡಿ. ತೀವ್ರ ಮಾನಸಿಕ ಕಾಯಿಲೆಯ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಇಲ್ಲ. ಅದೇ ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲೂಕಿನಲ್ಲಿ ರೋಗಿಗಳನ್ನು ಹುಡುಕಿ ಹಳೆಯ, ಅಗ್ಗದ ಗುಳಿಗೆಗಳನ್ನೇ ಕೊಟ್ಟರು. ಎಷ್ಟೋ ಜನರ ದಿನದ ಬದುಕು ಸುಧಾರಿಸಿತು. ಕೊಬೆನ್ಫಿ ಬಂದಾಗ ಅಮೆರಿಕದಲ್ಲಿ ತಿಂಗಳಿಗೆ ಸುಮಾರು 1,850 ಡಾಲರ್! ನಮ್ಮ ಹಳ್ಳಿಗಳಲ್ಲಿ ಯಾರು ಕೊಳ್ಳುತ್ತಾರೆ?

ಅಡ್ಡ ಪರಿಣಾಮ ಯಾವ ಔಷಧಕ್ಕಿಲ್ಲ? ಡಾಕ್ಟರಿಗೆ ಹೇಳಿದರೆ ಗುಳಿಗೆ ಬದಲಿಸಿ ಕೊಡುತ್ತಾರೆ.

ನಾನು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸದಲ್ಲಿದ್ದೆ. ಮಗನಿಗೆ ಗುಳಿಗೆ ಬೇಕೆಂದು ಒಬ್ಬ ತಾಯಿ ಎರಡು ಬಸ್ ಬದಲಿಸಿ ಬಂದರು. ಸ್ಟಾಕ್ ಇರಲಿಲ್ಲ. ಮುಂದಿನ ವಾರ ಬನ್ನಿ ಅಮ್ಮಾ ಅಂದೆ. ಸೆರಗಿನ ಗಂಟು ಬಿಚ್ಚಿ ಬಸ್ಸಿನ ದುಡ್ಡು ಎಣಿಸುತ್ತಾ ಹೋದರು. ಮುಂದಿನ ವಾರ ಸ್ಟಾಕ್ ಬಂತು. ಅವರು ಬರಲಿಲ್ಲ.