ಸೀಟಿಲ್ಲ, ನಿಂತ ಬರ್ತೀರೇನ್ರಿ?

ಹಬ್ಬದ ಹಿಂದಿನ ದಿನ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸು ಹಿಡಿಯಲು ಹೋದವರಿಗೆಲ್ಲ ಈ ಮಾತು ಪರಿಚಿತ. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, “ಸೀಟಿಲ್ಲ ನೋಡ್ರಿ, ನಿಂತ ಬರೂದಿದ್ರ ಹತ್ರಿ” ಅನ್ನುತ್ತಾನೆ. ಬಸ್ಸು ಅದೇ, ರಸ್ತೆ ಅದೇ, ಟಿಕೆಟ್ಟಿನ ರೊಕ್ಕವೂ ಅಷ್ಟೇ. ಕೂಡಿಸುತ್ತೇವೆ ಅಂತ ಮಾತ್ರ ಯಾರೂ ಮಾತು ಕೊಟ್ಟಿಲ್ಲ. ಜಮಖಂಡಿಯಲ್ಲಿ ಯಾರಾದರೂ ಇಳಿದರೆ ಪುಣ್ಯ, ಇಲ್ಲವಾದರೆ ಗೋಕಾಕ ದಾಟುವ ತನಕ ಕಂಬಿಯೇ ಗತಿ.

ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಲು ಕೂತವರ ಪಾಡೂ ಇದೇ. ‘ಈ ಪಿಸಿಯಲ್ಲಿ ವಿಂಡೋಸ್ 11 ನಡೆಯುವುದಿಲ್ಲ’ ಎಂಬ ಸಂದೇಶ ಮೂಡಿದ ಕೂಡಲೇ ಹೊಸಬರು ಡಾಕ್ಟರ್ ಕೈಚೆಲ್ಲಿದರು ಅಂತ ತಿಳಿದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದು ಡಾಕ್ಟರ್ ಮಾತಲ್ಲ, ಕಂಡಕ್ಟರ್ ಮಾತು.

ಈ ವಿಂಡೋಸ್ 11 ಮನೆಯಿಂದ ಹೊರಬಿದ್ದದ್ದು 2021ರ ಅಕ್ಟೋಬರ್ 5ರಂದು, ಥೇಟ್ ವರನ ಕಡೆಯವರ ಗತ್ತಿನಲ್ಲಿ. 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಕೇಳಿದ್ದಕ್ಕೆ ಯಾರ ತಕರಾರೂ ಇರಲಿಲ್ಲ. ಜಾತಕ ಬಿಚ್ಚಿದ್ದು ಆಮೇಲೆ: ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ಪದ್ಧತಿ) ಬೇಕು, ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ಏಳಗೊಡದ ಕಾವಲು) ಬೇಕು, ಟಿಪಿಎಂ 2.0 ಬೇಕು, ಪ್ರೊಸೆಸರ್ ಇಂಟೆಲ್ ಮನೆತನದ್ದಾದರೆ 8ನೇ ಜನರೇಶನ್ ಅಥವಾ ಅದರ ಈಚಿನದೇ ಆಗಬೇಕು. ಜನರೇಶನ್ ನೋಡುವುದು ಸುಲಭ. ಐ5-7200ಯು ಅಂತ ಇದ್ದರೆ ಅಡ್ಡಗೆರೆಯ ಪಕ್ಕದ 7 ಅದರ ಜನರೇಶನ್; ಐ5-8250ಯು ಆದರೆ 8; ಐ5-10210ಯು ಆದರೆ 10. ಏಳಕ್ಕೂ ಎಂಟಕ್ಕೂ ಒಳಗಿನ ಕಟ್ಟಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಎರಡು ಕೋರ್ ಇದ್ದಲ್ಲಿ ನಾಲ್ಕಾದವು. ಆದರೂ ಒಬ್ಬ ಒಳಗೆ, ಒಬ್ಬ ಹೊರಗೆ. ಇದರಲ್ಲೊಂದು ತಮಾಷೆಯೂ ಇದೆ. 7ನೇ ಜನರೇಶನ್ನಿನ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಐ7-7820ಎಚ್‌ಕ್ಯು ಎಂಬ ಒಂದಕ್ಕೆ ಮಾತ್ರ ಮಾಫಿ ಸಿಕ್ಕಿತು. ಅದು ಕೂತಿದ್ದದ್ದು ಮೈಕ್ರೋಸಾಫ್ಟಿನದೇ ಸರ್ಫೇಸ್ ಸ್ಟುಡಿಯೋ 2 ಒಳಗೆ! ಅಕ್ಕನ ಮಗನಾದರೆ ಜಾತಕದಲ್ಲಿ ಎರಡು ಗುಣ ಕಡಿಮೆ ಬಿದ್ದರೂ ನಡೆಯುತ್ತದಲ್ಲ, ಹಾಗೆ.

ಇನ್ನು ಟಿಪಿಎಂ. ಕೀಲಿಕೈಗಳನ್ನು ಬಚ್ಚಿಡುವ ಪುಟ್ಟ ತಿಜೋರಿ ಅಂದುಕೊಳ್ಳಿ. 6, 7ನೇ ಜನರೇಶನ್ನಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಇದ್ದೇ ಇರುತ್ತದೆ, ಬಯೋಸಿನಲ್ಲಿ (ವಿಂಡೋಸ್ ಏಳುವ ಮುಂಚೆ ತೆರೆಯುವ ಸೆಟ್ಟಿಂಗುಗಳ ಪರದೆ) ಪಿಟಿಟಿ ಅನ್ನುವ ಹೆಸರಲ್ಲಿ ಆಫ್ ಆಗಿ ಮಲಗಿರುತ್ತದೆ. ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಅಂತ ಹೊಡೆದರೆ ಆನ್ ಇದೆಯೋ ಇಲ್ಲವೋ ತಿಳಿಯುತ್ತದೆ. ಇಷ್ಟೂ ನೋಡದೆ ಲ್ಯಾಪ್‌ಟಾಪನ್ನು ಮೋಡಕಾಕ್ಕೆ ಹಾಕಲು ಹೊರಡುವವರೇ ಹೆಚ್ಚು.

ನಿಜವಾಗಿ ಬಾಗಿಲು ಮುಚ್ಚಿರುವುದು ಒಂದೇ ಕಡೆ. 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರಿಗೆ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಎಂಬ ಎರಡು ವಿದ್ಯೆ ಬರಲೇಬೇಕು. ಕೋರ್ 2 ಡ್ಯುಯೋ ಕಾಲದ ಯಂತ್ರಗಳಿಗೆ ಇವು ಬರುವುದಿಲ್ಲ. ಅಲ್ಲಿ ಏನು ಕಸರತ್ತು ಮಾಡಿದರೂ ವಿಂಡೋಸ್ ಏಳುವುದಿಲ್ಲ. ಅಂಥದ್ದಕ್ಕೆ ಲಿನಕ್ಸ್ ಹಾಕಿ ಸುಮ್ಮನಾಗುವುದೇ ಚಲೋ. ಕೋರ್ ಐ3, ಐ5 ಹೆಸರು ಹೊತ್ತ ಉಳಿದವೆಲ್ಲ ನಿಂತು ಪ್ರಯಾಣ ಮಾಡಬಲ್ಲವು.

ಮಾಡಬಲ್ಲವು ಅಂದೆ, ಸುಖವಾಗಿ ಅನ್ನಲಿಲ್ಲ. 4 ಜಿಬಿ ರ್‍ಯಾಮು, ತಿರುಗುವ ಹಾರ್ಡ್ ಡಿಸ್ಕು ಇರುವ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕುವುದು ಎತ್ತಿಗೆ ಜ್ವರ ಬಂದಾಗ ಬಂಡಿಗೆ ಬಣ್ಣ ಹೊಡೆದಂತೆ. ಮೊದಲು 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತರಬೇಕು. ಹಳೆಯ ಡಿಸ್ಕು ಎಸೆಯಬೇಕಿಲ್ಲ. ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಹಾಕಿ ಅದರೊಳಗೆ ಕೂಡಿಸಬಹುದು. ಕ್ಯಾಡಿಯಲ್ಲಿ 9.5 ಮಿ.ಮೀ. ಮತ್ತು 12.7 ಮಿ.ಮೀ. ಎಂದು ಎರಡು ದಪ್ಪ ಇವೆ. ಡ್ರೈವ್ ಬಿಚ್ಚಿ ಸ್ಕೇಲು ಇಟ್ಟು ಅಳೆದುಕೊಂಡೇ ಅಂಗಡಿಗೆ ಹೋಗಿ. ರ್‍ಯಾಮಿನದೂ ಅದೇ ಕಥೆ. 1.35 ವೋಲ್ಟಿನ ಡಿಡಿಆರ್3ಎಲ್ ಕೇಳುವ ಯಂತ್ರಕ್ಕೆ 1.5 ವೋಲ್ಟಿನ ಹಳೆ ಡಿಡಿಆರ್3 ತುರುಕಿದರೆ ಎಷ್ಟೋ ಸಲ ಪರದೆ ಕಪ್ಪಗೇ ಉಳಿಯುತ್ತದೆ. ಒಳಗಿನ ರ್‍ಯಾಮ್ ಪಟ್ಟಿಯ ಮೇಲಿನ ಚೀಟಿಯ ಫೋಟೋ ಹೊಡೆದುಕೊಂಡು ಹೋದರೆ ಅಂಗಡಿಯವನಿಗೂ ತಲೆನೋವು ಇಲ್ಲ.

ವಿಂಡೋಸ್ ಇನ್‌ಸ್ಟಾಲ್ ಮಾಡಲು ಬೇಕಾದ ಪೆನ್‌ಡ್ರೈವ್ 8 ಜಿಬಿಗೆ ಕಡಿಮೆ ಇರಬಾರದು. ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕ 128 ಜಿಬಿಯದು ಇದ್ದರೆ ಮೊದಲು ಅದರ ಮೇಲೇ ಅನುಮಾನ ಪಡಿ. ಒಳಗೆ 4 ಜಿಬಿ ಇಟ್ಟುಕೊಂಡು ಹೊರಗೆ 128 ಅಂತ ಸುಳ್ಳು ಹೇಳುವ ಮಾಲು ಬಹಳ. ಪ್ರತಿ ಸಲವೂ ಅರ್ಧಕ್ಕೇ ಇನ್‌ಸ್ಟಾಲ್ ಕೈಕೊಡುತ್ತಿದ್ದರೆ ಲ್ಯಾಪ್‌ಟಾಪನ್ನು ಬೈಯುವ ಮುಂಚೆ ಪೆನ್‌ಡ್ರೈವ್ ನೋಡಬೇಕು. ರೂಫಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಬ್ಯಾಡ್ ಬ್ಲಾಕ್ ಪರೀಕ್ಷೆ ಇದೆ, ಇಂಥ ಸುಳ್ಳುಗಾರರನ್ನು ಅದು ಹಿಡಿಯುತ್ತದೆ.

ಹೊಸಬರ ಮೊದಲ ತಪ್ಪು ನಡೆಯುವುದೂ ಇಲ್ಲೇ. ಮೈಕ್ರೋಸಾಫ್ಟ್ ತಾಣದಿಂದ 5 ಜಿಬಿ ಮೀರಿದ ಐಎಸ್‌ಒ ಫೈಲು (ಇಡೀ ವಿಂಡೋಸನ್ನು ಕಟ್ಟಿಟ್ಟ ಗಂಟು) ಇಳಿಸುತ್ತಾರೆ, ಹಾಡು ತುಂಬಿದ ಹಾಗೆ ಪೆನ್‌ಡ್ರೈವಿಗೆ ಕಾಪಿ ಮಾಡುತ್ತಾರೆ, ಬೂಟ್ ಆಗಲಿಲ್ಲ ಅಂತ ಕೂರುತ್ತಾರೆ. ಜೋಳದ ಚೀಲ ತಂದು ತಾಟಿನ ಪಕ್ಕ ಇಟ್ಟು ರೊಟ್ಟಿ ಎಲ್ಲಿ ಅಂದಂತಾಯಿತು ಇದು. ಬೀಸಬೇಕು, ನಾದಬೇಕು, ತಟ್ಟಬೇಕು. ಆ ಕೆಲಸ ರೂಫಸ್‌ನದು. ಇನ್ನು ಕೆಲವರು ಐಎಸ್‌ಒ ಬಿಚ್ಚಿ ಒಳಗಿನ ಫೈಲುಗಳನ್ನು ಕೈಯಾರೆ ಸುರಿಯುತ್ತಾರೆ. ಪೆನ್‌ಡ್ರೈವ್ ಇರುವುದು ಫ್ಯಾಟ್32ರಲ್ಲಿ, ಅದು 4 ಜಿಬಿ ಮೀರಿದ ಒಂದೇ ಫೈಲನ್ನು ನುಂಗುವುದಿಲ್ಲ. ವಿಂಡೋಸಿನ ಹೂರಣವೆಲ್ಲ ಇರುವ ಇನ್‌ಸ್ಟಾಲ್ ಡಾಟ್ ವಿಮ್ ಫೈಲು ಅದಕ್ಕಿಂತ ದೊಡ್ಡದು. ಹೂರಣವಿಲ್ಲದ ಹೋಳಿಗೆ ಆಗುತ್ತದೆ.

ರೂಫಸ್‌ನಲ್ಲಿ ಐಎಸ್‌ಒ ಆರಿಸಿ, ಪಾರ್ಟಿಶನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ ಇಟ್ಟು ಸ್ಟಾರ್ಟ್ ಒತ್ತಿದರೆ ಒಂದು ಪುಟ್ಟ ಚೌಕ ಎದ್ದು ಬರುತ್ತದೆ. ಇಡೀ ಪುರಾಣದ ಕೀಲಿ ಆ ಚೌಕದಲ್ಲಿದೆ, ಗಡಿಬಿಡಿಯವರು ಓದದೆ ಓಕೆ ಒತ್ತುವುದೂ ಅದನ್ನೇ. 4 ಜಿಬಿ ರ್‍ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ 2.0 ಷರತ್ತು ತೆಗೆ ಎಂಬುದಕ್ಕೆ ಟಿಕ್ ಇರಬೇಕು. ಆನ್‌ಲೈನ್ ಖಾತೆಯ ಷರತ್ತು ತೆಗೆ ಎಂಬುದಕ್ಕೂ ಹಾಕಿಬಿಡಿ. ಯಾಕೆಂದರೆ ಹಳೆಯ ವೈಫೈ ಕಾರ್ಡಿಗೆ ಡ್ರೈವರ್ ಸಿಗದೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದೆ ಮುಂದೆ ಬಿಡುವುದಿಲ್ಲ, ಮುಂದೆ ಹೋಗದೆ ಡ್ರೈವರ್ ಹಾಕುವಂತಿಲ್ಲ ಎಂಬ ಮೂರು ದಾರಿಯ ಜಗಳ ಅಲ್ಲಿಗೇ ಮುಗಿಯುತ್ತದೆ. ಆದರೂ ಸಿಕ್ಕಿಬಿದ್ದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ನಡೆಯುತ್ತದೆ.

ಪೆನ್‌ಡ್ರೈವಿನಿಂದ ಎಬ್ಬಿಸುವ ಕೀಲಿ ಮನೆತನಕ್ಕೊಂದು. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರಿನಲ್ಲೂ ಎಫ್12ನೇ, ಆದರೆ ಮೊದಲು ಎಫ್2 ಒತ್ತಿ ಬಯೋಸಿಗೆ ಹೋಗಿ ಅದನ್ನು ಆನ್ ಮಾಡಬೇಕಾಗುತ್ತದೆ. ಕೆಲವು ಲೆನೊವೊಗಳ ಪಕ್ಕದಲ್ಲಿ ಸೂಜಿ ಹೋಗುವಷ್ಟೇ ತೂತು ಇರುತ್ತದೆ. ಸಿಮ್ ತೆಗೆಯುವ ಪಿನ್ನು ಚುಚ್ಚಿದರೆ ಬೂಟ್ ಮೆನು ಬರುತ್ತದೆ. ಅದನ್ನು ಮೈಕು ಅಂದುಕೊಂಡವರೇ ಬಹಳ.

ಈಗ ಎಲ್ಲರೂ ಎಡವುವ ಹೊಸ್ತಿಲು. ಡಿಸ್ಕ್ ಆರಿಸಿದ ಕೂಡಲೇ ಯಂತ್ರ ಅನ್ನುತ್ತದೆ: ಈ ಡಿಸ್ಕಿನಲ್ಲಿ ಎಂಬಿಆರ್ ಪಟ್ಟಿ ಇದೆ, ಇಎಫ್‌ಐ ಯಂತ್ರದಲ್ಲಿ ಜಿಪಿಟಿ ಡಿಸ್ಕಿಗೆ ಮಾತ್ರ ಹಾಕಲು ಬರುತ್ತದೆ. ಎಂದೋ ಒಂದು ದಿನ ಯಾರೋ ಅಂಗಡಿಯಣ್ಣ ಲೆಗಸಿ ಎಂಬ ಹಳೆಯ ಬೂಟ್ ಮೋಡಿನಲ್ಲಿ ವಿಂಡೋಸ್ 7 ಹೊಡೆದು ಕೊಟ್ಟದ್ದರ ಫಲ ಇದು. ಎಂಬಿಆರ್ ಅಂದರೆ ಹಳೆಯ ಉತಾರ, ಜಿಪಿಟಿ ಅಂದರೆ ಹೊಸ ಉತಾರ; ಹೊಲ ಅದೇ, ಬರೆದಿಟ್ಟ ರೀತಿ ಬೇರೆ. ಸಂದೇಶ ನೋಡಿ ಸಿಟ್ಟಿಗೆದ್ದವರು ಒಂದೊಂದೇ ಪಾರ್ಟಿಶನ್ ಡಿಲೀಟ್ ಮಾಡುತ್ತಾ ಹೋಗುತ್ತಾರೆ. ಎಲ್ಲ ಅಳಿಸಿದರೆ ತೊಂದರೆ ಪರಿಹಾರವಾಗುವುದು ನಿಜ. ಜೊತೆಗೆ ಡಿ ಡ್ರೈವಿನಲ್ಲಿದ್ದ ಅಕ್ಕನ ಮದುವೆಯ ಫೋಟೋ, ಅಪ್ಪನ ಸೊಸೈಟಿಯ ಕಾಗದಪತ್ರ ಎಲ್ಲಕ್ಕೂ ಕೃಷ್ಣಾರ್ಪಣ. “ಸಿ ಅಷ್ಟ ಫಾರ್ಮ್ಯಾಟ್ ಹೊಡದೇನಿ, ಡಿ ಹೆಂಗ ಹೋತು?” ಎಂಬ ಪ್ರಶ್ನೆಗೆ ಉತ್ತರ ಇಷ್ಟೇ: ಸಿ, ಡಿ ಬೇರೆ ಬೇರೆ ಡಿಸ್ಕುಗಳಲ್ಲ, ಒಂದೇ ಹೊಲದ ಎರಡು ಬದುವು. ಉತಾರವನ್ನೇ ಹರಿದಮೇಲೆ ಬದು ಎಲ್ಲಿಯದು?

ಹರಿಯದೆ ಉತಾರ ಬದಲಿಸುವ ಉಪಾಯವೂ ಇದೆ. ವಿಂಡೋಸ್ 10 ಇನ್ನೂ ನಡೆಯುತ್ತಿರುವಾಗಲೇ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಅಲೌಫುಲ್‌ಓಎಸ್’ (mbr2gpt /validate /allowFullOS) ಎಂದು ಹೊಡೆದರೆ ಬದಲಾಗುತ್ತದೋ ಇಲ್ಲವೋ ಪರೀಕ್ಷೆ ಮಾಡಿ ಹೇಳುತ್ತದೆ. ಹೂಂ ಅಂದರೆ ವ್ಯಾಲಿಡೇಟ್ ಇದ್ದಲ್ಲಿ ಕನ್ವರ್ಟ್ ಹಾಕುವುದು. ಮುಗಿದಮೇಲೆ ಬಯೋಸಿಗೆ ಹೋಗಿ ಲೆಗಸಿಯನ್ನು ಯುಇಎಫ್‌ಐ ಮಾಡಬೇಕು. ಇದನ್ನು ಮರೆತರೆ ಹಳೆಯದೂ ಏಳದು, ಹೊಸದೂ ಏಳದು. ಇಲ್ಲಿಯೂ ಒಂದು ಗಂಟಿದೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇರಬಾರದು, ಎಕ್ಸ್‌ಟೆಂಡೆಡ್ ಅಂತೂ ಇರಲೇಬಾರದು. ಸಿಸ್ಟಂ ರಿಸರ್ವ್ಡ್ ಒಂದು, ಸಿ ಎರಡು, ಡಿ ಮೂರು, ಇಲ್ಲಿಗೆ ಸರಿ. ನಮ್ಮ ಕಡೆ ಸಿನಿಮಾಕ್ಕೆ ಅಂತ ಇ ಡ್ರೈವ್ ಒಂದನ್ನು ಮಾಡಿಸುವ ಚಟ. ಆ ನಾಲ್ಕನೆಯದು ಹೆಚ್ಚಾಗಿ ಎಕ್ಸ್‌ಟೆಂಡೆಡ್ ಒಳಗೇ ಕೂತಿರುತ್ತದೆ, ಪರೀಕ್ಷೆ ಫೇಲ್. ಅದರಲ್ಲಿದ್ದದ್ದನ್ನು ಹೊರಗಿನ ಡಿಸ್ಕಿಗೆ ಸಾಗಿಸಿ ಇ ಡ್ರೈವನ್ನೂ, ಅದನ್ನು ಹೊತ್ತಿದ್ದ ಎಕ್ಸ್‌ಟೆಂಡೆಡ್ ಜಾಗವನ್ನೂ ಅಳಿಸಿ ಮತ್ತೆ ಕೂರಬೇಕು. ಹೊಸ ಎಸ್‌ಎಸ್‌ಡಿ ಹಾಕಿದವರಿಗೆ ಈ ಅಧ್ಯಾಯವೇ ಇಲ್ಲ; ಹಳೇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು ಹೊಸದೊಂದನ್ನೇ ಒಳಗಿಟ್ಟು ಇನ್‌ಸ್ಟಾಲ್ ಮಾಡಿದರೆ ಕೈತಪ್ಪಿ ಅಳಿಸುವ ಭಯವೂ ಇಲ್ಲ.

ಆಮೇಲಿನದು ಕಾಯುವ ಕೆಲಸ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಗೋಡೆಯ ಪ್ಲಗ್ಗಿಗೆ ಕಟ್ಟಿ ಕೂತಾಗ 64 ಪರ್ಸೆಂಟಿಗೆ ಕರೆಂಟು ಹೋದರೆ ಮತ್ತೆ ಒಂದರಿಂದ ಶುರು. ಇನ್ವರ್ಟರ್ ಇರುವ ಕಾಕಾನ ಮನೆಗೆ ಹೋಗುವುದೇ ಜಾಣತನ, ಚಹಾನೂ ಸಿಗುತ್ತದೆ. ಮೊದಲ ಸಲ ರೀಸ್ಟಾರ್ಟ್ ಆದಾಗ ಮತ್ತೆ ಭಾಷೆ ಆರಿಸು ಎಂಬ ಮೊದಲನೇ ಪರದೆಯೇ ಬಂದರೆ ಗಾಬರಿ ಬೇಡ. ಬಯೋಸಿನಲ್ಲಿ ಪೆನ್‌ಡ್ರೈವನ್ನು ಮೊದಲ ಸಾಲಿಗೆ ಹಾಕಿದ್ದೀರಿ, ಯಂತ್ರ ಹೇಳಿದಂತೆ ಕೇಳುತ್ತಿದೆ. ಪೆನ್‌ಡ್ರೈವ್ ಕಿತ್ತು ಮತ್ತೊಮ್ಮೆ ಸ್ಟಾರ್ಟ್ ಮಾಡಿ.

ಆಕ್ಟಿವೇಶನ್ ಬಗ್ಗೆ ಒಂದೇ ಮಾತು. ವಿಂಡೋಸ್ 10ರ ಅಸಲಿ ಲೈಸೆನ್ಸ್ ಇದ್ದರೆ 11ಕ್ಕೂ ಅದೇ ನಡೆಯುತ್ತದೆ, ಆದರೆ ಎಡಿಶನ್ ತಾಳೆಯಾಗಬೇಕು. ಇಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಇರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಡೌಲಿಗೆ ಪ್ರೋ ಹಾಕಿಕೊಂಡರೆ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅಂತ ತೇಲುತ್ತಾ ಇರುತ್ತದೆ.

ನಿಂತು ಹೋಗುವವರ ಕಷ್ಟ ಗೊತ್ತಾಗುವುದು ತಿಂಗಳುಗಳ ನಂತರ. ತಿಂಗಳ ತಿಂಗಳ ಸುರಕ್ಷತಾ ಅಪ್‌ಡೇಟು ಸಾಮಾನ್ಯವಾಗಿ ತಾನಾಗೇ ಬರುತ್ತದೆ, ಬಂದೇ ಬರುತ್ತದೆಂಬ ಮಾತು ಯಾರೂ ಕೊಟ್ಟಿಲ್ಲ. ವರ್ಷಕ್ಕೊಂದು ಬರುವ ದೊಡ್ಡ ಆವೃತ್ತಿಯನ್ನು ಮಾತ್ರ ಬೆಲ್ಲು ಹೊಡೆದು ಕರೆಯುವುದಿಲ್ಲ. ಹೊಸ ಐಎಸ್‌ಒ ಇಳಿಸಿ ನಾವೇ ಓಡಿ ಹತ್ತಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿರುವಾಗ ಇಷ್ಟಕ್ಕೆ ಅಡ್ಡಿಯಿಲ್ಲ ಅಂತಲೇ ನನ್ನ ಲೆಕ್ಕ. ಆದರೆ ಬ್ಯಾಂಕಿನ ಕೆಲಸ, ಜಿಎಸ್‌ಟಿ ಕೆಲಸ ಮಾಡುವ ಏಕೈಕ ಯಂತ್ರವಾಗಿದ್ದರೆ ಬೇಡ.

ಎಲ್ಲ ಮುಗಿದು ಡೆಸ್ಕ್‌ಟಾಪ್ ಬಂತು. ಯಾವ ವೆಬ್‌ಸೈಟೂ ತೆರೆಯುತ್ತಿಲ್ಲವೇ? ಗಡಿಯಾರ ನೋಡಿ. ಒಳಗಿನ ಬಟನ್ ಸೆಲ್ ಸತ್ತು ತಾರೀಖು ಎಂಟು ವರ್ಷ ಹಿಂದೆ ಹೋಗಿರುತ್ತದೆ, ಭದ್ರತೆಯ ಪ್ರಮಾಣಪತ್ರಗಳೆಲ್ಲ ತಪ್ಪು ಅನ್ನಿಸುತ್ತವೆ. ತಾರೀಖು ಸರಿ ಮಾಡಿದರೆ ಜಗತ್ತೂ ಸರಿಯಾಗುತ್ತದೆ.

ಅಷ್ಟರಲ್ಲಿ ಅಪ್ಪ ಬಂದು ಸೊಸೈಟಿಯ ಹಳೆಯ ಫೈಲು ತೆಗೆಯುತ್ತಾರೆ. ಪರದೆಯ ತುಂಬ ತಲೆಗೆ ಗೆರೆ ಎಳೆದುಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು. “ಏನ್ ಮಾಡಿಟ್ಟಿಯೋ ತಮ್ಮಾ, ಎಲ್ಲಾ ಕೆಟ್ಟ ಹೋಗೇತಿ!” ಏನೂ ಕೆಟ್ಟಿಲ್ಲ. ಅದು ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶಕ್ಕೆ ಯೂನಿಕೋಡ್ (ಈಗಿನ ಸಾರ್ವತ್ರಿಕ ಅಕ್ಷರ ಸಂಕೇತ) ಬರುವ ಮುಂಚೆ ಅದರಲ್ಲಿ ಹೊಡೆದ ಕಾಗದ; ಅಲ್ಲಿ ‘ನ’ ಕೂತಿರುವುದು ಪೌಂಡ್ ಗುರುತಿನ ಜಾಗದಲ್ಲಿ. ಬ್ಯಾಕಪ್ಪಿನಿಂದ ಹಳೆಯ ನುಡಿ ಫಾಂಟಿನ ಫೈಲು ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿ, ಕಾಗದ ಮುಚ್ಚಿ ತೆರೆದರೆ ಪೌಂಡುಗಳೆಲ್ಲ ‘ನ’ ಆಗಿ ಸಾಲು ಹಿಡಿದು ಕೂರುತ್ತವೆ. ಅಪ್ಪ ಕನ್ನಡಕ ಏರಿಸಿ, 2009ರ ಜನರಲ್ ಮೀಟಿಂಗಿನ ಠರಾವು ಓದಲು ಶುರು ಮಾಡುತ್ತಾರೆ.